ಮೊದಲು ಸೋಡಾ, ಆಮೇಲೆ ಸಾಬೂನು: ರಾಯಚೂರು ಸೀಮೆಯ ಬೋರ್‌ವೆಲ್ ನೀರಿಗೊಂದು ಕೈಪಿಡಿ

ರಾಯಚೂರು, ಮಾನ್ವಿ, ಲಿಂಗಸುಗೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಒಗೆಯುವವರು ನೊರೆ ಬರಲಿಲ್ಲವೆಂದು ಸಾಬೂನನ್ನೇ ದೂರುವುದುಂಟು. ಒಂದು ಲೆಕ್ಕ ಮಾಡಿ ನೋಡಿದರೆ ದೂರು ಎಲ್ಲಿಗೆ ಸಲ್ಲಬೇಕೆಂಬುದು ತಿಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 200 ಮಿಲಿಗ್ರಾಂ ಗಡಸುತನ, ಅಂದರೆ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ, ಒಪ್ಪತಕ್ಕದ್ದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಸಹಿಸಬಹುದು. ನಿಮ್ಮ ನೀರಿನ ಗಡಸುತನ 500 ಎಂದಿಟ್ಟುಕೊಳ್ಳಿ. ಆಗ 20 ಲೀಟರಿನ ಒಂದು ಬಕೆಟ್ಟಿನಲ್ಲಿ 10 ಗ್ರಾಂ ಗಡಸುತನವಿರುತ್ತದೆ, ಮತ್ತು ಅದು ಸುಮಾರು 60 ಗ್ರಾಂ ಸಾಬೂನನ್ನು ನುಂಗಿದ ಮೇಲಷ್ಟೇ ಮೊದಲ ನೊರೆ ಕಾಣಿಸುತ್ತದೆ. ಅದೇ ಕೆಲಸವನ್ನು ಹತ್ತೂವರೆ ಗ್ರಾಂ ವಾಷಿಂಗ್ ಸೋಡಾ ಮಾಡಿ ಮುಗಿಸುತ್ತದೆ.

ಸಾಬೂನೆಂದರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ಅದರ ಉದ್ದನೆಯ ಇಂಗಾಲದ ಸರಪಳಿ ಎಣ್ಣೆ ಜಿಡ್ಡಿನೊಳಗೆ ಹೋಗಿ ನಿಲ್ಲುತ್ತದೆ, ಸೋಡಿಯಂ ಇರುವ ತುದಿ ನೀರಿನ ಕಡೆಗೆ ಉಳಿಯುತ್ತದೆ, ಹೀಗೆ ಜಿಡ್ಡು ಸಣ್ಣ ಹನಿಗಳಾಗಿ ಒಡೆದು ನೀರಿನೊಡನೆ ಹೊರಟುಹೋಗುತ್ತದೆ. ಆದರೆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಡಿಯಮ್ಮಿನ ಜಾಗವನ್ನು ಕಿತ್ತುಕೊಳ್ಳುತ್ತವೆ. ಒಂದೊಂದು ಕ್ಯಾಲ್ಸಿಯಂ ಎರಡೆರಡು ಸಾಬೂನಿನ ಅಣುಗಳನ್ನು ಹಿಡಿಯುತ್ತದೆ, ಹಾಗಾದ ಕ್ಯಾಲ್ಸಿಯಂ ಸಾಬೂನು ನೀರಿನಲ್ಲಿ ಕರಗುವುದಿಲ್ಲ. ಬಕೆಟ್ಟಿನ ಅಂಚಿಗೆ ಅಂಟುವ ಬೂದುಬಣ್ಣದ ಜಿಗಟು, ಬಿಳಿ ಅಂಗಿಯ ಕಾಲರಿನಲ್ಲಿ ವರ್ಷಾನುಗಟ್ಟಲೆ ಕೂತ ಮಾಸಲು, ಎಲ್ಲವೂ ಇದೇ. ವಾಷಿಂಗ್ ಸೋಡಾ ಎಂದರೆ ಸೋಡಿಯಂ ಕಾರ್ಬೊನೇಟ್. ಅದನ್ನು ಮೊದಲೇ ಹಾಕಿದರೆ ಕ್ಯಾಲ್ಸಿಯಂ ಕಾರ್ಬೊನೇಟಾಗಿ ತಳಕ್ಕಿಳಿಯುತ್ತದೆ, ಸಾಬೂನು ಜಿಡ್ಡಿನ ಕೆಲಸಕ್ಕೆ ಬಿಡುವಾಗಿ ಉಳಿಯುತ್ತದೆ. ಇಲ್ಲೊಂದು ತಮಾಷೆಯೂ ಇದೆ. ಬೆಲ್ಜಿಯಂನ ರಸಾಯನ ವಿಜ್ಞಾನಿ ಎರ್ನೆಸ್ಟ್ ಸಾಲ್ವೆ 1861ರಲ್ಲಿ ರೂಪಿಸಿದ ವಿಧಾನದಲ್ಲಿ ಸೋಡಾ ತಯಾರಾಗುವುದು ಅಡುಗೆ ಉಪ್ಪು ಮತ್ತು ಸುಣ್ಣದ ಕಲ್ಲಿನಿಂದ, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಕಾರ್ಖಾನೆಯಲ್ಲಿ ಸುಣ್ಣದ ಕಲ್ಲಿನಿಂದ ಬೇರ್ಪಟ್ಟ ಕಾರ್ಬೊನೇಟು ನಮ್ಮ ಬಕೆಟ್ಟಿನಲ್ಲಿ ಮತ್ತೆ ಸುಣ್ಣದ ಕಲ್ಲೇ ಆಗುತ್ತದೆ.

ಎಷ್ಟು ಸೋಡಾ ಬೇಕೆಂಬುದನ್ನು ಊಹೆಗೆ ಬಿಡಬೇಕಾಗಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಒಂದು ಲೀಟರ್ ಆರ್‌ಓ ನೀರಿನಲ್ಲಿ 10 ಗ್ರಾಂ ಒಣ ಸೋಡಾ ಪುಡಿಯನ್ನು ಕರಗಿಸಿಕೊಳ್ಳಿ. ಇನ್ನೊಂದು ಲೋಟದಲ್ಲಿ 100 ಮಿಲಿಲೀಟರ್ ಆರ್‌ಓ ನೀರಿಗೆ 5 ಗ್ರಾಂ ಮೈಸಾಬೂನನ್ನು ತುರಿದು ಹಾಕಿ, ಬೆಚ್ಚಗೆ ಮಾಡಿ ಕರಗಿಸಿ. ಇದಕ್ಕೆ ಡಿಟರ್ಜೆಂಟ್ ಪುಡಿ ಬೇಡ, ಏಕೆಂದರೆ ಅದು ಗಡಸು ನೀರಿನಲ್ಲೂ ಅಷ್ಟಿಷ್ಟು ನೊರೆ ಕೊಟ್ಟು ಪರೀಕ್ಷೆಯನ್ನು ಕೆಡಿಸುತ್ತದೆ. ಈಗ ಐದು ಖಾಲಿ ಬಾಟಲಿಗಳಲ್ಲಿ ತಲಾ 200 ಮಿಲಿಲೀಟರ್ ಬೋರ್‌ವೆಲ್ ನೀರು ತುಂಬಿ, ಮೊದಲನೆಯದನ್ನು ಹಾಗೆಯೇ ಬಿಟ್ಟು, ಉಳಿದವುಗಳಿಗೆ ಸೂಜಿಯಿಲ್ಲದ ಸಿರಿಂಜಿನಿಂದ ಕ್ರಮವಾಗಿ 4, 8, 12, 16 ಮಿಲಿಲೀಟರ್ ಸೋಡಾ ದ್ರಾವಣ ಹಾಕಿ ಅರ್ಧ ತಾಸು ಬಿಡಿ. ನೀರು ಹಾಲುಬಣ್ಣಕ್ಕೆ ತಿರುಗಿ, ನಿಧಾನವಾಗಿ ತಳದಲ್ಲಿ ಬಿಳಿ ಹುಡಿ ಕೂರುವುದು ಕಣ್ಣಿಗೇ ಕಾಣುತ್ತದೆ. ಬಳಿಕ ಪ್ರತಿಯೊಂದಕ್ಕೂ 2 ಮಿಲಿಲೀಟರ್ ಸಾಬೂನು ದ್ರಾವಣ ಬಿಟ್ಟು, ಮುಚ್ಚಳ ಹಾಕಿ, ಒಂದೇ ಸಮನೆ ಕುಲುಕಿ. ಸೋಡಾ ಸಾಲದ ಬಾಟಲಿಗಳಲ್ಲಿ ತುಣುಕು ತುಣುಕಾದ ಕೆನೆ ತೇಲುತ್ತದೆ. ಸಾಕಷ್ಟಿರುವ ಮೊದಲ ಬಾಟಲಿಯಲ್ಲಿ ಒಂದೆರಡು ನಿಮಿಷವಾದರೂ ಇಳಿಯದ ನೊರೆ ನಿಲ್ಲುತ್ತದೆ. ಆ ಬಾಟಲಿಗೆ ಎಷ್ಟು ಮಿಲಿಲೀಟರ್ ಹಾಕಿದ್ದೀರೋ, 20 ಲೀಟರಿನ ಬಕೆಟ್ಟಿಗೆ ಅಷ್ಟೇ ಗ್ರಾಂ ಒಣ ಸೋಡಾ ಬೇಕು. ಪ್ರಮಾಣವನ್ನು ಈ ಲೆಕ್ಕ ಹೊಂದುವಂತೆಯೇ ಇಟ್ಟಿದೆ.

ತೂಕದಲ್ಲಿ ಮೋಸಹೋಗುವುದು ಸುಲಭ. ಅಂಗಡಿಯಲ್ಲಿ ಹರಳಿನ ರೂಪದಲ್ಲಿ ಸಿಗುವ ವಾಷಿಂಗ್ ಸೋಡಾದ ತೂಕದಲ್ಲಿ ಶೇ 63ರಷ್ಟು ನೀರೇ ಇರುತ್ತದೆ, ಆದ್ದರಿಂದ 10 ಗ್ರಾಂ ಒಣ ಸೋಡಾಕ್ಕೆ ಬದಲಾಗಿ 27 ಗ್ರಾಂ ಹರಳು ಬೇಕಾಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ ಒಣ ಸೆಕೆಯಲ್ಲಿ ಪೊಟ್ಟಣ ಬಿಚ್ಚಿಟ್ಟರೆ ಹರಳುಗಳು ತಾವಾಗಿಯೇ ಆ ನೀರನ್ನು ಕಳೆದುಕೊಂಡು ಬಿಳಿ ಪುಡಿಯಾಗುತ್ತವೆ. ಆಗ ಮೊದಲಿನ ತೂಕದಲ್ಲೇ ಹಾಕಿದರೆ ಸೋಡಾ ಎರಡು ಪಟ್ಟಿಗೂ ಮೀರುತ್ತದೆ. ಒಣ ಪುಡಿಯನ್ನೇ ಕೊಂಡು ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡುವುದು ಮೇಲು. ಅಡುಗೆ ಸೋಡಾದಿಂದಲೂ ಇದನ್ನು ಮಾಡಿಕೊಳ್ಳಬಹುದು: ಸ್ಟೀಲ್ ಬಾಣಲೆಯಲ್ಲಿ 100 ಗ್ರಾಂ ಹಾಕಿ ಕೈಯಾಡಿಸುತ್ತ ಹುರಿದರೆ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ತೂಕ 63 ಗ್ರಾಮಿಗೆ ಬಂದು ನಿಂತಾಗ ಪೂರ್ತಿ ಸೋಡಿಯಂ ಕಾರ್ಬೊನೇಟ್ ಆಗಿದೆಯೆಂದು ಅರ್ಥ. ಅಗ್ಗವೇನಲ್ಲ, ಆದರೆ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ಅಪರೂಪ. ಎರಡು ಸೋಡಾಗಳ ವ್ಯತ್ಯಾಸವನ್ನು ಅರಿಸಿನವೂ ಹೇಳುತ್ತದೆ: ಅಡುಗೆ ಸೋಡಾದ ನೀರಿನಲ್ಲಿ ಅದರ ಬಣ್ಣ ಅಷ್ಟಾಗಿ ಬದಲಾಗದು, ವಾಷಿಂಗ್ ಸೋಡಾದ ನೀರಿನಲ್ಲಿ ಕುಂಕುಮದ ಕೆಂಪಿಗೆ ಹತ್ತಿರವಾಗುತ್ತದೆ. ವಾಷಿಂಗ್ ಸೋಡಾ ಅಡುಗೆಗೆ ಸಲ್ಲದು, ಅದನ್ನು ಅಡುಗೆಮನೆಯಲ್ಲಿ ಇಡಲೂಬೇಡಿ.

ಬಳಸುವಾಗ ಸೋಡಾವನ್ನು ಬಕೆಟ್ ನೀರಿಗೆ ಹಾಕಿ ಕಲಕಿ, ಅರ್ಧ ತಾಸು ಬಿಟ್ಟು, ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್ಟಿಗೆ ಬಗ್ಗಿಸಿಕೊಂಡು ಅದರಲ್ಲಿ ಬಟ್ಟೆ ನೆನೆಸಬೇಕು. ಬಿಸಿಲಿನಲ್ಲಿ ಕಾದ ಟ್ಯಾಂಕಿನ ನೀರಿನಲ್ಲಿ ಈ ಕೆಲಸ ಬೇಗ ಆಗುತ್ತದೆ. ರೇಷ್ಮೆ, ಉಣ್ಣೆಗಳಿಗೆ ಕ್ಷಾರ ಆಗದು. ಇಳಕಲ್ ಸೀರೆಯ ಒಡಲು ಹತ್ತಿಯದೇ ಆಗಿದ್ದರೂ ಸೆರಗು ರೇಷ್ಮೆಯದಾಗಿದ್ದರೆ ಅದನ್ನು ಈ ನೀರಿಗೆ ಇಳಿಸಬೇಡಿ. ಅಲ್ಯೂಮಿನಿಯಂ ಪಾತ್ರೆಯೂ ಬೇಡ. ಡಿಟರ್ಜೆಂಟ್ ಪುಡಿ ಬಳಸುವವರ ಪೊಟ್ಟಣದಲ್ಲಿ ಸಾಮಾನ್ಯವಾಗಿ ಸೋಡಾ ಬೆರೆತೇ ಇರುತ್ತದೆ, ಹಾಗಾಗಿ ಅವರಿಗೆ ಇದರ ಅಗತ್ಯ ಕಡಿಮೆ. ಇನ್ನು, ನೀರು ಬಾಯಿಗೆ ಉಪ್ಪುಪ್ಪಾಗಿದ್ದರೆ ಸೋಡಾದಿಂದ ಆ ಉಪ್ಪು ಹೋಗುವುದಿಲ್ಲ. ಕಾರ್ಖಾನೆಗಳು ಸಾಬೂನನ್ನು ಗ್ಲಿಸರಿನ್ನಿನಿಂದ ಬೇರ್ಪಡಿಸುವುದೇ ಉಪ್ಪು ಸುರಿದು. ನೀರಿನಲ್ಲಿ ಸೋಡಿಯಂ ಹೆಚ್ಚಾದಷ್ಟೂ ಸಾಬೂನು ಕರಗಲು ಒಲ್ಲೆನ್ನುತ್ತದೆ. ಅಂಥ ನೀರಿಗೆ ಕೊಬ್ಬರಿ ಎಣ್ಣೆ ಹೆಚ್ಚಿರುವ ಸಾಬೂನು ಕೊಂಚ ವಾಸಿ, ಏಕೆಂದರೆ ಅದರ ಕೊಬ್ಬಿನಾಮ್ಲಗಳ ಸರಪಳಿ ಗಿಡ್ಡ.

ಆ ಕಾರಣಕ್ಕಾಗಿಯೇ ಮನೆಯಲ್ಲಿ ಸಾಬೂನು ಮಾಡುವುದಾದರೆ ನಾನು ಕೊಬ್ಬರಿ ಎಣ್ಣೆಯ ಪಾಲನ್ನು ಜಾಸ್ತಿಯೇ ಇಡುತ್ತೇನೆ: ಕೊಬ್ಬರಿ ಎಣ್ಣೆ 200 ಗ್ರಾಂ, ಶೇಂಗಾ ಎಣ್ಣೆ 250 ಗ್ರಾಂ, ಔಡಲೆಣ್ಣೆ 50 ಗ್ರಾಂ. ಒಂದೊಂದು ಎಣ್ಣೆಗೂ ಬೇಕಾಗುವ ಕಾಸ್ಟಿಕ್ ಸೋಡಾ, ಅಂದರೆ ಸೋಡಿಯಂ ಹೈಡ್ರಾಕ್ಸೈಡ್, ಬೇರೆ ಬೇರೆ. ಗ್ರಾಂ ಒಂದಕ್ಕೆ ಕೊಬ್ಬರಿ ಎಣ್ಣೆಗೆ ಸುಮಾರು 0.183, ಶೇಂಗಾಕ್ಕೆ 0.136, ಔಡಲಕ್ಕೆ 0.128 ಗ್ರಾಂ ಹಿಡಿದರೆ ಒಟ್ಟು 77 ಗ್ರಾಂ ಆಗುತ್ತದೆ. ಕ್ಷಾರ ಉಳಿದು ಚರ್ಮ ಸುಡುವುದಕ್ಕಿಂತ ಎಣ್ಣೆ ಉಳಿಯುವುದು ಲೇಸು, ಆದ್ದರಿಂದ ಶೇ 5ರಷ್ಟು ತಗ್ಗಿಸಿ 73 ಗ್ರಾಂ ತೆಗೆದುಕೊಳ್ಳಬೇಕು. ನೀರು 170 ಗ್ರಾಂ, ಅದೂ ಆರ್‌ಓ ನೀರೇ. ಎಣ್ಣೆಯನ್ನು ಬದಲಿಸಿದರೆ ಈ ಲೆಕ್ಕವನ್ನು ಹೊಸದಾಗಿ ಮಾಡಲೇಬೇಕು, ಅಂದಾಜಿಗೆ ಇಲ್ಲಿ ಜಾಗವಿಲ್ಲ. ಒಂದು ಗ್ರಾಂ ವ್ಯತ್ಯಾಸ ತೋರಿಸುವ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ಈ ಕೆಲಸಕ್ಕೆ ಕೈಹಾಕದಿರುವುದೇ ಒಳಿತು. ಚರಂಡಿ ಸ್ವಚ್ಛಗೊಳಿಸುವ ಪುಡಿಗಳಲ್ಲಿ ಅಲ್ಯೂಮಿನಿಯಂ ಚೂರು ಬೆರೆತಿರಬಹುದು. ಶುದ್ಧತೆಯ ಪ್ರಮಾಣವನ್ನು ಬರೆದಿರುವ ಕಾಸ್ಟಿಕ್ ಸೋಡಾ ಮಾತ್ರ ಕೊಳ್ಳಿ.

ಕಾಸ್ಟಿಕ್ ಸೋಡಾ ಕಣ್ಣನ್ನು ಕುರುಡಾಗಿಸಬಲ್ಲದು. ಕನ್ನಡಕ, ರಬ್ಬರ್ ಗವಸು, ಮೈ ಮುಚ್ಚುವ ಬಟ್ಟೆ, ಗಾಳಿಯಾಡುವ ಅಂಗಳ, ಮಕ್ಕಳಿಲ್ಲದ ಹೊತ್ತು, ಇವಿಷ್ಟು ಇರಲೇಬೇಕು. ಸ್ಟೀಲ್ ಪಾತ್ರೆಯಲ್ಲಿ ನೀರನ್ನು ಮೊದಲು ಇಟ್ಟುಕೊಂಡು, ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದ್ದರೆ ಇನ್ನೂ ಒಳ್ಳೆಯದು, ಅದಕ್ಕೆ ಕಾಸ್ಟಿಕ್ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಕಾಸ್ಟಿಕ್ ಮೇಲೆ ನೀರು ಸುರಿದರೆ ಅದು ಕುದಿದು ಮುಖಕ್ಕೆ ಸಿಡಿಯುತ್ತದೆ. ಕೈಗೆ ತಾಗಿದರೆ ವಿನೆಗರ್, ನಿಂಬೆಹಣ್ಣು ಹುಡುಕುತ್ತ ಕೂರದೆ ಕನಿಷ್ಠ 20 ನಿಮಿಷ ಹರಿಯುವ ನೀರಿಗೆ ಹಿಡಿಯಿರಿ. ಕಣ್ಣಿಗೆ ಸಿಡಿದರೆ ಹಾಗೆಯೇ ತೊಳೆಯುತ್ತ ಆಸ್ಪತ್ರೆಗೆ ಹೊರಡಿ.

ದ್ರಾವಣ 40 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಎಣ್ಣೆಗೆ ಹೊಯ್ದು ಒಂದೇ ಕಡೆಗೆ ತಿರುವುತ್ತಿರಿ. ನಮ್ಮಲ್ಲಿ ಬೇಸಿಗೆಯ ಎಣ್ಣೆ ತಾನಾಗಿಯೇ ಆ ಬಿಸಿಗೆ ಬಂದಿರುತ್ತದೆ, ಆದ್ದರಿಂದ ಮಿಶ್ರಣ ಬೇಗ ಗಟ್ಟಿಯಾಗುತ್ತದೆ. ಮಜ್ಜಿಗೆ ಹುಳಿಯಂತೆ ದಪ್ಪಗಾಗಿ, ಚಮಚದಿಂದ ಬಿದ್ದ ಧಾರೆಯ ಗೆರೆ ಮೇಲೆ ಕ್ಷಣಕಾಲ ನಿಂತರೆ ಅಚ್ಚಿಗೆ ಸುರಿಯಬಹುದು. ಈ ಹೊತ್ತಿನಲ್ಲಿ ಎಣ್ಣೆಯ ಒಂದೊಂದು ಅಣುವೂ ಮೂರು ಸಾಬೂನು, ಒಂದು ಗ್ಲಿಸರಿನ್ ಆಗಿ ಒಡೆಯುತ್ತಿರುತ್ತದೆ. ಎಣ್ಣೆಯ ಈ ಒಳರಚನೆಯನ್ನು 1823ರಲ್ಲಿ ವಿವರವಾಗಿ ಬರೆದವನು ಫ್ರಾನ್ಸಿನ ರಸಾಯನ ವಿಜ್ಞಾನಿ ಶೆವ್ರಲ್. ಡಿಸೆಂಬರಿನಲ್ಲಿ ಅಚ್ಚಿಗೆ ಕಂಬಳಿ ಹೊದಿಸಿ, ಮೇ ತಿಂಗಳಲ್ಲಿ ನೆರಳಿನಲ್ಲಿ ಬಿಡಿ. ಒಂದೆರಡು ದಿನದ ನಂತರ ಗವಸು ಹಾಕಿಕೊಂಡೇ ಕತ್ತರಿಸಿ, ನಾಲ್ಕರಿಂದ ಆರು ವಾರ ಗಾಳಿಗೆ ಒಣಗಿಸಿ. ಮೇಲೆ ಕಾಣುವ ಬಿಳಿ ಪುಡಿ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ ಆದ ಸೋಡಿಯಂ ಕಾರ್ಬೊನೇಟ್, ಒರೆಸಿದರೆ ಸಾಕು. ಆದರೆ ಕತ್ತರಿಸಿದಲ್ಲಿ ನೀರಿನಂಥ ದ್ರವ ಒಸರಿದರೆ ಅದು ಉಳಿದ ಕಾಸ್ಟಿಕ್, ಆ ಸಾಬೂನು ಮೈಗೆ ಬಾರದು. ಕ್ಷಾರ ಎಷ್ಟೆಂದು ತೋರಿಸುವ ಪಿಎಚ್ ಕಾಗದದಲ್ಲಿ 9ರಿಂದ 10 ಬಂದರೆ ಬಳಸಬಹುದು.

ಒಗೆದ ನೀರನ್ನು ಎಲ್ಲಿಗೆ ಬಿಡುತ್ತೀರಿ ಎಂಬುದೂ ಮುಖ್ಯ. ತುಂಗಭದ್ರಾ ಕಾಲುವೆಯ ಕೆಳಗಿನ ಎರೆಭೂಮಿ ಹಲವೆಡೆ ಈಗಾಗಲೇ ಸವಳಾಗಿದೆ. ಸೋಡಾದ ನೀರನ್ನು ದಿನವೂ ಅದೇ ಕೈತೋಟಕ್ಕೆ ಹರಿಸಿದರೆ ಮಣ್ಣಿನ ಕಣಗಳ ಮೇಲಿನ ಕ್ಯಾಲ್ಸಿಯಮ್ಮಿನ ಜಾಗಕ್ಕೆ ಸೋಡಿಯಂ ಬಂದು, ಜೇಡಿ ಚದುರಿ, ನೀರು ಇಂಗದೆ ಮೇಲೆಯೇ ನಿಲ್ಲುತ್ತದೆ. ಹಾಗಾಗಿಬಿಟ್ಟ ಮಡಿಗೆ ಜಿಪ್ಸಂ ಹರಡಿ, ಸಿಹಿನೀರು ಕಟ್ಟಿ, ಬಸಿದು ಹೋಗಲು ದಾರಿ ಮಾಡಿದರೆ ಜಿಪ್ಸಮ್ಮಿನ ಕ್ಯಾಲ್ಸಿಯಂ ಮತ್ತೆ ತನ್ನ ಜಾಗ ಹಿಡಿಯುತ್ತದೆ. ಬಸಿಯುವ ದಾರಿಯಿಲ್ಲದೆ ಜಿಪ್ಸಂ ಮಾತ್ರ ಹಾಕಿದರೆ ಹೊರಬಿದ್ದ ಸೋಡಿಯಂ ಅಲ್ಲೇ ಉಳಿಯುತ್ತದೆ.