ಹಿಮ ಬೀಳುವ ಊರಿನ ಸೂರು: ಪರೀಕ್ಷೆ ಅಟ್ಟದಿಂದ ಶುರುವಾಗಲಿ

ಮನೆ ಸೋರಿತೆಂದರೆ ಎಲ್ಲರ ಕಣ್ಣೂ ಮೊದಲು ಹೊರಗಿನ ಶಿಂಗಲ್ಲುಗಳ (ಚಾವಣಿಗೆ ಒಂದರ ಮೇಲೊಂದು ಹೊದಿಸುವ ಡಾಂಬರು ತುಂಡುಗಳ) ಮೇಲೆ ಹೋಗುತ್ತದೆ. ಹಿಮ ಬೀಳುವ ಕಡೆ ಈ ಕ್ರಮ ತಲೆಕೆಳಗು. ಅಲ್ಲಿನ ಚಾವಣಿಗೆ ಬರುವ ಕಾಯಿಲೆಗಳಲ್ಲಿ ಬಹುಪಾಲು ಕೆಳಗಿನಿಂದ ಹುಟ್ಟುತ್ತವೆ. ಮನೆಯ ಬಿಸಿ ಗಾಳಿ, ಅದರ ಜತೆಗೆ ಅಡುಗೆ-ಸ್ನಾನದ ತೇವ, ಸಂದುಗೊಂದುಗಳಲ್ಲಿ ನುಸುಳಿ ಅಟ್ಟ ಸೇರಿ ಶಿಂಗಲ್ಲಿನ ಕೆಳಗಿನ ಹಲಗೆಯನ್ನು ಬೆಚ್ಚಗೂ ಒದ್ದೆಯಾಗಿಯೂ ಇಡುತ್ತವೆ. ಅಟ್ಟ ನೋಡದೆ ಶಿಂಗಲ್ ಬದಲಿಸಿದರೆ ದುಡ್ಡು ಹೋಗುತ್ತದೆ, ಮುಂದಿನ ಚಳಿಗಾಲಕ್ಕೆ ಅದೇ ಜಾಗದಲ್ಲಿ ಅದೇ ಕಲೆ ಮತ್ತೆ ಮೂಡುತ್ತದೆ.

ಏಣಿ ಮುಟ್ಟುವ ಮೊದಲು ಹಿಮವನ್ನೇ ಓದಿ. ಹತ್ತು ಸೆಂ.ಮೀ. ಆಸುಪಾಸು ಹಿಮ ಬಿದ್ದ ಮರುದಿನ, ಬಿಸಿಲು ತಾಗುವ ಮುಂಚೆ, ರಸ್ತೆಯ ಆಚೆ ನಿಂತು ಚಾವಣಿಯನ್ನು ಪೂರ್ತಿ ನೋಡಿ. ಹಿಮ ಎಲ್ಲೆಡೆ ಒಂದೇ ದಪ್ಪದಲ್ಲಿ ಕೂತಿದ್ದರೆ ಬಿಸಿ ಸೋರುತ್ತಿಲ್ಲ. ಒಂದು ಕಡೆ ಮಾತ್ರ ದುಂಡಗೆ ಕರಗಿದ್ದರೆ ಅದರ ಕೆಳಗೆ ಸ್ನಾನದ ಮನೆಯ ಫ್ಯಾನೋ ಚಿಮಣಿಯೋ ಅಟ್ಟದ ಬಾಗಿಲೋ ಇರುತ್ತದೆ. ಅಟ್ಟವಿಲ್ಲದೆ ಒಳಮಾಳಿಗೆಯೇ ಇಳಿಜಾರಾಗಿರುವ ಕೋಣೆಗಳ ಮೇಲೆ ಉದ್ದುದ್ದ ಪಟ್ಟೆಗಳು ಕಾಣಬಹುದು. ಪಕಾಸುಗಳ ಗೆರೆಯಲ್ಲೇ ಹಿಮ ಕರಗಿದ್ದರೆ ನಡುವಿನ ಇನ್ಸುಲೇಷನ್ (ಬಿಸಿ ತಡೆಯುವ ಹೊದಿಕೆ) ಸರಿಯಿದೆ, ಮರದ ಮೂಲಕ ಮಾತ್ರ ಬಿಸಿ ಹಾಯುತ್ತಿದೆ. ಪಕಾಸುಗಳ ಮೇಲೆ ಹಿಮ ಉಳಿದು ನಡುವೆ ಕರಗಿದ್ದರೆ ಅಲ್ಲಿ ಇನ್ಸುಲೇಷನ್ ಇಲ್ಲ, ಇಲ್ಲವೇ ಕುಸಿದು ಕೆಳಗಿಳಿದಿದೆ. ಬಿಸಿಲಿನ ಬದಿ ಬೇಗ ಕರಗುವುದು, ಗಾಳಿಗೆ ನೆತ್ತಿ ಬೋಳಾಗುವುದು ದೋಷವಲ್ಲ. ಆದ್ದರಿಂದ ತೀರ್ಮಾನವನ್ನು ನೆರಳಿನ ಬದಿ ನೋಡಿಯೇ ಮಾಡಿ.

ಸೂರಂಚಿನಲ್ಲಿ ಕಟ್ಟುವ ಮಂಜುಗಡ್ಡೆಯ ದಿಬ್ಬವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಹಿಮದೂರಿನ ಸೋರಿಕೆಯ ಬಹುಪಾಲು ಇಲ್ಲೇ ಇದೆ. ಅಟ್ಟ ಬೆಚ್ಚಗಿದ್ದರೆ ಹಲಗೆಯ ಉಷ್ಣಾಂಶ ಸೊನ್ನೆ ಡಿಗ್ರಿ ದಾಟುತ್ತದೆ. ಮೇಲಿನ ಹಿಮವೇ ಕಂಬಳಿಯಂತೆ ಹೊದ್ದುಕೊಂಡಿರುವುದರಿಂದ ಆ ಬಿಸಿ ಹೊರಗೆ ಹೋಗದೆ ಹಿಮದ ತಳ ಕರಗುತ್ತದೆ. ನೀರು ಇಳಿದು ಗೋಡೆಯಾಚೆ ಚಾಚಿದ ಸೂರಂಚಿಗೆ ಬರುತ್ತದೆ. ಅದರ ಕೆಳಗೆ ಮನೆಯಿಲ್ಲ, ಬಿಸಿಯಿಲ್ಲ, ಅಲ್ಲೇ ಗಟ್ಟಿಯಾಗುತ್ತದೆ. ದಿನದಿನಕ್ಕೆ ದಿಬ್ಬ ಏರಿ, ಅದರ ಹಿಂದೆ ನೀರು ನಿಲ್ಲುತ್ತದೆ. ಶಿಂಗಲ್ ಇರುವುದು ನೀರನ್ನು ಜಾರಿಸಲು. ನಿಂತ ನೀರನ್ನು ಅದು ತಡೆಯಲಾರದು. ನೀರು ಒಂದೊಂದೇ ಶಿಂಗಲ್ಲಿನ ಅಡಿಗೆ ನುಗ್ಗಿ ಮೇಲಕ್ಕೇ ಏರಿ ಮೊಳೆತೂತಿನಲ್ಲಿ ಇಳಿಯುತ್ತದೆ. ಹಾಗಾಗಿ ಒಳಗಿನ ಕಲೆ ಹೊರಗೋಡೆಯ ತುದಿಯಲ್ಲಿ, ಕಿಟಕಿಯ ಮೇಲ್ಭಾಗದಲ್ಲಿ ಬರುತ್ತದೆ. ಕೋಣೆಯ ನಟ್ಟನಡುವೆ, ಕೊಳವೆಯ ಹತ್ತಿರ ಕಲೆಯಿದ್ದರೆ ಕಾರಣ ಬೇರೆ. ಬಿಸಿಲಿನ ಬದಿ ನಾಲ್ಕಾರು ಹಿಮಕೋಲು ತೂಗಿದರೆ ಚಿಂತೆಯಿಲ್ಲ. ಸೂರಿನ ಉದ್ದಕ್ಕೂ ದಪ್ಪ ಕೋಲುಗಳಿದ್ದು ಅವುಗಳ ಹಿಂದೆ ಗಡ್ಡೆ ಮೇಲಕ್ಕೆ ಹಬ್ಬಿದ್ದರೆ ತಡಮಾಡದೆ ಅಟ್ಟ ಹತ್ತಿ.

ಅಟ್ಟಕ್ಕೆ ಹೋಗಲು ಒಳ್ಳೆಯ ಹೊತ್ತು, ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿ ನಾಲ್ಕೈದು ದಿನ ಹಿಡಿದ ಮೇಲೆ. ಎನ್95 ಮುಖಗವಸು, ಕೈಗವಸು, ತಲೆಗೆ ಕಟ್ಟುವ ದೀಪ ಬೇಕು. ಕಾಲಿಡುವುದು ತೊಲೆಗಳ ಮೇಲೆ ಅಡ್ಡ ಹಾಕಿದ ಹಲಗೆಯ ಮೇಲೆ ಮಾತ್ರ. ನಡುವಿನ ಜಿಪ್ಸಂ ಹಲಗೆ ಮನುಷ್ಯರ ಭಾರ ತಾಳುವುದಿಲ್ಲ. ಹಳೆಯ ಮನೆಯಲ್ಲಿ ಬೂದು-ಕಂದು ಬಣ್ಣದ, ಹೊಳೆಯುವ ಉಂಡೆಯಂಥ ವರ್ಮಿಕ್ಯುಲೈಟ್ ಎಂಬ ಖನಿಜದ ಇನ್ಸುಲೇಷನ್ ಹರಡಿದ್ದರೆ ಮುಟ್ಟದೆ ಹಿಂದೆ ಬನ್ನಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ಪರೀಕ್ಷೆ ಆಗುವವರೆಗೆ ಕೆದಕಬಾರದು.

ಒಳಗೆ ಹೋದ ಮೇಲೆ ದೀಪ ಆರಿಸಿ ಒಂದೆರಡು ನಿಮಿಷ ಕತ್ತಲಲ್ಲಿ ಕೂರಿ. ಸೂರಂಚಿನ ಗಾಳಿಕಂಡಿ ಮತ್ತು ನೆತ್ತಿಯ ಗಾಳಿಕಂಡಿಯಲ್ಲಿ ಬೆಳಕು ಕಾಣಬೇಕು, ಬೇರೆಲ್ಲೂ ಕಾಣಬಾರದು. ಸೂರಂಚಿನಲ್ಲಿ ಬೆಳಕೇ ಇಲ್ಲದಿದ್ದರೆ ಇನ್ಸುಲೇಷನ್ ತುರುಕಿ ಗಾಳಿದಾರಿ ಮುಚ್ಚಿದೆ ಎಂದೇ ಅರ್ಥ. ಈಗ ದೀಪ ಹಾಕಿ ಹಲಗೆಯಿಂದ ಕೆಳಗೆ ಚಾಚಿದ ಮೊಳೆತುದಿಗಳನ್ನು ನೋಡಿ. ಒಂದೊಂದು ತುದಿಗೂ ಬಿಳಿ ಮಂಜಿನ ಹರಳು ಹತ್ತಿದ್ದರೆ ಮನೆಯ ತೇವ ಅಲ್ಲಿಗೆ ಏರುತ್ತಿದೆ. ಕಬ್ಬಿಣ ಬೇಗ ತಣಿಯುವುದರಿಂದ ಆವಿ ಮೊದಲು ಅಲ್ಲೇ ಹೆಪ್ಪುಗಟ್ಟುತ್ತದೆ. ಚಳಿ ಸಡಿಲಿದ ದಿನ ಇದೆಲ್ಲ ಒಮ್ಮೆಗೇ ಕರಗಿ ತೊಟ್ಟಿಕ್ಕಿದಾಗ ಸೂರು ಸೋರಿತೆಂದು ಜನ ಗಾಬರಿಯಾಗುತ್ತಾರೆ, ಶಿಂಗಲ್ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಬೇಸಿಗೆಯಲ್ಲಿ ನೋಡುವವರಿಗೆ ಇದರ ಗುರುತು ತುಕ್ಕು ಹಿಡಿದ ಮೊಳೆ, ಅದರ ಸುತ್ತ ಕಪ್ಪು ಉಂಗುರ, ಇನ್ಸುಲೇಷನ್ ಮೇಲೆ ಸಣ್ಣ ಸಣ್ಣ ಕುಳಿ. ಹೆಚ್ಚು ಸಲ ಅಪರಾಧಿ ಸ್ನಾನದ ಮನೆಯ ಫ್ಯಾನಿನ ಕೊಳವೆ: ಹೊರಗೆ ಹೋಗಬೇಕಾದ್ದು ಅಟ್ಟದಲ್ಲೇ ಕೊನೆಯಾಗಿರುತ್ತದೆ, ಅಥವಾ ಜೋಡಣೆ ಕಳಚಿರುತ್ತದೆ. ಅದನ್ನು ಇನ್ಸುಲೇಷನ್ ಸುತ್ತಿದ ಕೊಳವೆಯಲ್ಲಿ ಚಾವಣಿಯ ಅಥವಾ ಗೋಡೆಯ ಆಚೆಗೆ ಬಿಡಬೇಕು. ಸೂರಂಚಿನ ಕಂಡಿಯ ಪಕ್ಕಕ್ಕೆ ತಂದು ಬಿಟ್ಟರೆ ಅದೇ ಆವಿ ತಿರುಗಿ ಒಳಕ್ಕೆ ಬರುತ್ತದೆ.

ಕಪ್ಪಾದ ಹಲಗೆಯನ್ನು ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿಯಿದ್ದರೆ ಕಲೆ ಮಾತ್ರ. ತುದಿ ಮೆತ್ತಗೆ ಇಳಿದರೆ, ಪದರ ಬಿಟ್ಟರೆ, ಆ ಹಲಗೆ ತೆಗೆಯಲೇಬೇಕು. ತೇವಮಾಪಕವಿದ್ದರೆ ಇನ್ನೂ ಒಳ್ಳೆಯದು: ಶೇ 15ರ ಆಸುಪಾಸು ನೆಮ್ಮದಿ, ವಾರಗಟ್ಟಲೆ ಶೇ 20 ಮೀರಿ ನಿಂತರೆ ಬೂಷ್ಟು, ಆಮೇಲೆ ಕೊಳೆತ.

ಇನ್ಸುಲೇಷನ್ ದಪ್ಪವನ್ನು ಒಂದೇ ಕಡೆ ಅಳೆಯಬೇಡಿ. ನಡುವೆ 40 ಸೆಂ.ಮೀ. ಇದ್ದು ಅಂಚಿನಲ್ಲಿ 10 ಇರುವ ಮನೆಗಳೇ ಹೆಚ್ಚು, ದಿಬ್ಬ ಕಟ್ಟುವುದೂ ಆ ಅಂಚಿನಿಂದಲೇ. ಕಡು ಚಳಿಯ ಸೀಮೆಗೆ ಆರ್ (ಬಿಸಿ ತಡೆಯುವ ಶಕ್ತಿಯ ಅಳತೆ) 50ರಿಂದ 60ರ ಮಟ್ಟ ಬೇಕು. ಊದಿ ತುಂಬಿದ ಸೆಲ್ಯುಲೋಸ್ (ಕಾಗದದ ನಾರು) ಆದರೆ 35ರಿಂದ 45 ಸೆಂ.ಮೀ., ಊದಿದ ಗಾಜಿನ ನಾರಾದರೆ ಅರ್ಧ ಮೀಟರಿನ ಹತ್ತಿರ. ಗಾಜಿನ ನಾರು ಅಲ್ಲಲ್ಲಿ ಕಪ್ಪಾಗಿದ್ದರೆ ಅದನ್ನು ಎತ್ತಿ ನೋಡಿ. ಕೆಳಗಿನ ಸಂದಿನಿಂದ ಏರುವ ಗಾಳಿ ತನ್ನ ಧೂಳನ್ನು ನಾರಿನಲ್ಲಿ ಬಿಟ್ಟು ಹೋಗಿರುತ್ತದೆ. ಸಂದು ಹುಡುಕಲು ಇದು ಸುಲಭದ ದಾರಿ. ವೈರು ಮತ್ತು ಕೊಳವೆಗಳ ತೂತು, ಗೋಡೆಯ ತಲೆಹಲಗೆಯ ಬಿರುಕು, ಒಳಮಾಳಿಗೆಯಲ್ಲಿ ಹುದುಗಿಸಿದ ದೀಪ, ಅಟ್ಟದ ಬಾಗಿಲಿನ ಅಂಚು, ಎಲ್ಲವನ್ನೂ ಮುಚ್ಚಬೇಕು. ಸಣ್ಣ ತೂತುಗಳಿಗೆ ಫೋಮ್ ಸಾಕು. ಚಿಮಣಿಯ ಸುತ್ತ ಮಾತ್ರ ಫೋಮ್ ಬೇಡ. ಮರಕ್ಕೂ ಚಿಮಣಿಗೂ 5 ಸೆಂ.ಮೀ. ಅಂತರ ಇಟ್ಟೇ ಕಟ್ಟಿರುತ್ತಾರೆ, ಆ ಸಂದಿಗೆ ತಗಡು ಕೂಡಿಸಿ ಬೆಂಕಿ ತಾಳುವ ಸೀಲಂಟ್ ಹಚ್ಚಬೇಕು. ಹುದುಗಿಸಿದ ದೀಪ ಇನ್ಸುಲೇಷನ್ ತಾಗಲು ಯೋಗ್ಯವೆಂದು ಅದರ ಮೇಲೇ ಬರೆದಿರದಿದ್ದರೆ ಹತ್ತಿರ ಏನನ್ನೂ ತುಂಬಬಾರದು.

ಗಾಳಿಯಾಟಕ್ಕೆ ಲೆಕ್ಕವಿದೆ. ಅಟ್ಟದ ನೆಲದ ವಿಸ್ತೀರ್ಣದ ಮುನ್ನೂರರಲ್ಲಿ ಒಂದು ಪಾಲು ತೆರೆದ ಕಂಡಿ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕೆಳಗೆ, ಅರ್ಧ ನೆತ್ತಿಯಲ್ಲಿ. 90 ಚದರ ಮೀಟರ್ ಅಟ್ಟಕ್ಕೆ ಒಟ್ಟು 3000 ಚದರ ಸೆಂ.ಮೀ. ಬೇಕಾಯಿತು. ಹೀಗೆ ಸಮನಾಗಿ ಹಂಚಿರದಿದ್ದರೆ ಇದರ ಎರಡರಷ್ಟು ಬೇಕು. ಕಂಡಿಯ ಜಾಲರಿಯೂ ರೆಕ್ಕೆಯೂ ಜಾಗ ತಿನ್ನುವುದರಿಂದ ತಯಾರಕರು ಬರೆದ ನಿವ್ವಳ ಅಳತೆಯನ್ನೇ ಹಿಡಿಯಿರಿ. ಸೂರಂಚಿನಲ್ಲಿ ಹಲಗೆಗೂ ಇನ್ಸುಲೇಷನ್ನಿಗೂ ನಡುವೆ ಕನಿಷ್ಠ 2.5 ಸೆಂ.ಮೀ. ಗಾಳಿದಾರಿ ಉಳಿಯಲು ತಡೆಹಾಳೆ ಬೇಕು. ಸಂದು ಮುಚ್ಚದೆ ಅಟ್ಟಕ್ಕೆ ವಿದ್ಯುತ್ ಫ್ಯಾನ್ ಹಾಕಿಸುವುದು ದೊಡ್ಡ ತಪ್ಪು, ಅದು ಮನೆಯ ಬಿಸಿ ಗಾಳಿಯನ್ನೇ ಮೇಲಕ್ಕೆ ಎಳೆಯುತ್ತದೆ.

ಹೊರಗಿನ ಪರೀಕ್ಷೆ ಹಿಮ ಕರಗಿದ ಮೇಲೆ, ನೆಲದ ಮೇಲೆ ನಿಂತು ದುರ್ಬೀನಿನಲ್ಲಿ. ನೆತ್ತಿಗೆರೆ ನೇರವಾಗಿರಬೇಕು. ನಡುವೆ ಬಾಗಿದ್ದರೆ ಚೌಕಟ್ಟಿನ ತೊಂದರೆ. ಪಕಾಸುಗಳ ನಡುನಡುವೆ ಅಲೆಅಲೆಯಾಗಿದ್ದರೆ ಹಲಗೆಯ ತೊಂದರೆ. ಶಿಂಗಲ್ಲಿನ ಅಂಚು ಮುರುಟಿದೆಯೇ, ಬಿರುಕಿದೆಯೇ, ಕರಿ ಡಾಂಬರು ಕಾಣುವಷ್ಟು ಮೇಲಿನ ಕಲ್ಲುಹರಳು ಉದುರಿದೆಯೇ ನೋಡಿ. ಹೊಸ ಚಾವಣಿಯಿಂದ ಮೊದಲ ಮಳೆಗಳಲ್ಲಿ ಹರಳು ಬರುವುದು ಸಹಜ, ಹದಿನೈದು ವರ್ಷ ದಾಟಿದ ಮೇಲೆ ಸೂರಂಚಿನ ನೀರುದೋಣಿಯಲ್ಲಿ ಬೊಗಸೆಗಟ್ಟಲೆ ಸಿಕ್ಕರೆ ಆಯಸ್ಸು ಮುಗಿಯುತ್ತ ಬಂತು. ತಗಡಿನ ಚಾವಣಿಯಲ್ಲಿ ಸ್ಕ್ರೂವಿನಡಿಯ ರಬ್ಬರ್ ಬಿಲ್ಲೆ ಒಡೆಯುತ್ತದೆ, ಮೇಲಿಂದ ಜಾರಿದ ಹಿಮ ಕೊಳವೆಗಳನ್ನು ಬಗ್ಗಿಸುತ್ತದೆ.

ಆದರೆ ನೀರು ಹೆಚ್ಚಾಗಿ ಒಳಬರುವುದು ಜೋಡಣೆಗಳಲ್ಲಿ. ಕೊಳವೆಯ ಸುತ್ತಲಿನ ರಬ್ಬರ್ ಕೊರಳು ಶಿಂಗಲ್ಲಿಗಿಂತ ಬೇಗ ಸೀಳುತ್ತದೆ. ಚಿಮಣಿಯ ಫ್ಲ್ಯಾಶಿಂಗ್ (ಜೋಡಣೆಯಲ್ಲಿ ನೀರು ತಡೆಯುವ ತಗಡು) ಮೆಟ್ಟಿಲುಮೆಟ್ಟಿಲಾಗಿ ಶಿಂಗಲ್ಲಿನೊಡನೆ ಹೆಣೆದಿರಬೇಕು, ಅದರ ಮೇಲಂಚು ಗಾರೆಯೊಳಗೆ ಹೊಕ್ಕಿರಬೇಕು. ಕಪ್ಪು ಟಾರನ್ನು ಮೆತ್ತಿದ್ದರೆ ಅಲ್ಲಿ ಹಿಂದೆಯೇ ಸೋರಿದೆ, ರಿಪೇರಿ ಆಗಿಲ್ಲ ಎಂದು ತಿಳಿಯಿರಿ. 75 ಸೆಂ.ಮೀ.ಗಿಂತ ಅಗಲದ ಚಿಮಣಿಯ ಬೆನ್ನಿಗೆ ಪುಟ್ಟ ಇಳಿಜಾರು ಗುಡ್ಡೆ ಕಟ್ಟಿರಬೇಕು, ಇಲ್ಲವಾದರೆ ಹಿಮ ಅಲ್ಲೇ ತಂಗುತ್ತದೆ.

ಹಿಮದ ಭಾರವನ್ನು ದಪ್ಪದಿಂದ ಅಂದಾಜು ಮಾಡಬೇಡಿ. ಹೊಸ ಒಣಹಿಮ ಘನ ಮೀಟರಿಗೆ 50ರಿಂದ 100 ಕಿಲೋ, ಕೂತು ಗಟ್ಟಿಯಾದದ್ದು 200ರಿಂದ 300, ಮಳೆ ಕುಡಿದದ್ದು 400 ದಾಟಬಹುದು, ಮಂಜುಗಡ್ಡೆ 900ರ ಮೇಲೆ. ಅಂದರೆ 60 ಸೆಂ.ಮೀ. ಹಿಮ ಚದರ ಮೀಟರಿಗೆ 30 ಕಿಲೋವೂ ಇರಬಹುದು, 200 ಕಿಲೋ ಮೀರಲೂಬಹುದು. ತೂಗಿಯೇ ನೋಡಿ. ಅಂಗಳದಲ್ಲಿ ಯಾರೂ ತುಳಿಯದ ಕಡೆ 30 ಸೆಂ.ಮೀ. ಉದ್ದ, ಅಷ್ಟೇ ಅಗಲದ ಚೌಕವನ್ನು ಸಲಿಕೆಯಿಂದ ತಳದವರೆಗೆ ನೆಟ್ಟಗೆ ಕತ್ತರಿಸಿ, ಪೂರ್ತಿ ಚೀಲಕ್ಕೆ ತುಂಬಿ ತೂಗಿ, ಬಂದ ಕಿಲೋವನ್ನು 11ರಿಂದ ಗುಣಿಸಿ. ಚದರ ಮೀಟರಿನ ಭಾರ ಸಿಕ್ಕಿತು. ಮನೆಯ ನಕ್ಷೆಯಲ್ಲಿ ಚಾವಣಿ ತಾಳುವ ಹಿಮಭಾರ ಬರೆದಿರುತ್ತದೆ. ಕಿಲೋಪ್ಯಾಸ್ಕಲ್‌ನಲ್ಲಿದ್ದರೆ ಒಂದಕ್ಕೆ ಸುಮಾರು 100 ಕಿಲೋ ಎಂದು ಹಿಡಿಯಿರಿ. ಎತ್ತರದ ಗೋಡೆಯ ಬುಡದ ತಗ್ಗು ಚಾವಣಿ, ಎರಡು ಇಳಿಜಾರು ಕೂಡುವ ಒಳಮೂಲೆ, ಗಾಳಿಮರೆಯ ಬದಿ, ಇಲ್ಲೆಲ್ಲ ಹಿಮ ಗುಡ್ಡೆಯಾಗುವುದರಿಂದ ಅಂಗಳದ ಲೆಕ್ಕಕ್ಕಿಂತ ಎಷ್ಟೋ ಪಾಲು ಹೆಚ್ಚಿರುತ್ತದೆ.

ಮೇಲಂತಸ್ತಿನ ಬಾಗಿಲುಗಳು ಇದ್ದಕ್ಕಿದ್ದಂತೆ ಬಿಗಿಯಾದರೆ, ಬಾಗಿಲ ಮೂಲೆಯಿಂದ ಓರೆಯಾಗಿ ಹೊಸ ಬಿರುಕು ಎದ್ದರೆ, ನೆತ್ತಿ ಬಾಗಿದರೆ, ಮರ ಮತ್ತೆ ಮತ್ತೆ ಲಟಕ್ಕೆಂದರೆ ಎಲ್ಲರೂ ಹೊರಗೆ ಬಂದು ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ. ಆ ಹೊತ್ತಿನಲ್ಲಿ ಹಿಮ ತೆಗೆಯಲು ಯಾರನ್ನೂ ಮೇಲೆ ಹತ್ತಿಸಬೇಡಿ. ಕಡುಚಳಿಯ ರಾತ್ರಿ ಒಂದೇ ಒಂದು ಢಂ ಎಂಬ ಸದ್ದು ಬಂದು, ಬೇರೆ ಯಾವ ಗುರುತೂ ಇಲ್ಲದಿದ್ದರೆ ಅದು ಮರ ಕುಗ್ಗಿದ ಸದ್ದು. ಒಳಗೋಡೆಗೂ ಒಳಮಾಳಿಗೆಗೂ ನಡುವೆ ಚಳಿಗಾಲದಲ್ಲಿ ತೆರೆದು ಬೇಸಿಗೆಯಲ್ಲಿ ಮುಚ್ಚುವ ಬಿರುಕೂ ಭಾರದಿಂದ ಬಂದದ್ದಲ್ಲ. ಟ್ರಸ್ಸಿನ (ಚಾವಣಿ ಹೊರುವ ತ್ರಿಕೋನ ಚೌಕಟ್ಟಿನ) ಮೇಲು-ಕೆಳಗಿನ ಮರಗಳಲ್ಲಿ ತೇವದ ವ್ಯತ್ಯಾಸವಾಗಿ ಅದು ಕಮಾನಿನಂತೆ ಮೇಲೇಳುತ್ತದೆ.

ಹಿಮ ಎಳೆಯುವುದಿದ್ದರೆ ನೆಲದಿಂದಲೇ, ಉದ್ದ ಹಿಡಿಯ ಹಿಮಗುದ್ದಲಿಯಿಂದ, ವಿದ್ಯುತ್ ತಂತಿ ದೂರವಿರುವ ಕಡೆ. ಸೂರಂಚಿನಿಂದ ಒಂದು ಮೀಟರಿನಷ್ಟು ಎಳೆದರೂ ದಿಬ್ಬಕ್ಕೆ ನೀರು ಸಿಗುವುದು ತಪ್ಪುತ್ತದೆ. ತಳದ 5 ಸೆಂ.ಮೀ. ಬಿಡಿ, ಶಿಂಗಲ್ ಕೆರೆಯಬಾರದು. ಭಾರ ಇಳಿಸಲು ಹೆಚ್ಚು ತೆಗೆಯುವುದಾದರೆ ಎರಡೂ ಬದಿಗೆ ಸರಿಸಮ ತೆಗೆಯಿರಿ. ಒಂದೇ ಬದಿ ಬರಿದಾದರೆ ಚೌಕಟ್ಟು ಓರೆಯಾಗಿ ಎಳೆಯುತ್ತದೆ. ಗಡ್ಡೆಯನ್ನು ಸುತ್ತಿಗೆಯಿಂದ ಒಡೆದರೆ ಶಿಂಗಲ್ಲೂ ಜತೆಗೇ ಒಡೆಯುತ್ತದೆ. ತುರ್ತಿಗೆ ಹಳೆಯ ಉದ್ದ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ದಿಬ್ಬದ ಅಡ್ಡಕ್ಕೆ, ತುದಿ ಸೂರಿನಾಚೆ ತೂಗುವಂತೆ ಇಡಿ. ಅದು ಕರಗಿಸಿದ ಕಾಲುವೆಯಲ್ಲಿ ನಿಂತ ನೀರು ಹರಿದುಹೋಗುತ್ತದೆ. ಕಲ್ಲುಪ್ಪು ಬೇಡ, ತಗಡೂ ಗಿಡವೂ ಹಾಳಾಗುತ್ತವೆ. ಜಾರಿದ ಹಿಮ ಬಾಯ್ಲರಿನ ಹೊಗೆಕೊಳವೆಯ ಬಾಯಿ ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಪ್ರತಿ ಹಿಮಪಾತದ ನಂತರ ಆ ಬಾಯಿ ನೋಡಿ, ಮಲಗುವ ಕೋಣೆಗಳ ಹತ್ತಿರ ಅಲಾರಂ ಇರಲಿ.

ಚಳಿಯಲ್ಲಿ ಕಂಡದ್ದನ್ನು ಫೋಟೊ ತೆಗೆದು ದಿನಾಂಕ ಬರೆದಿಡಿ, ಶಿಂಗಲ್ ಕೆಲಸವನ್ನು ಬೇಸಿಗೆಗೆ ಬಿಡಿ. 5 ಡಿಗ್ರಿಗಿಂತ ಕೆಳಗೆ ಶಿಂಗಲ್ ಮುರಿಯುತ್ತದೆ, ಅದರ ಅಂಟುಪಟ್ಟಿ ಹಿಡಿಯುವುದಿಲ್ಲ. ಸಂದು ಮುಚ್ಚಿ, ಆಮೇಲೆ ಇನ್ಸುಲೇಷನ್ ತುಂಬಿ, ಗಾಳಿದಾರಿ ಸರಿಪಡಿಸಿ. ಹೊಸ ಹೊದಿಕೆಯ ಮಾತು ಕೊನೆಗೆ. ಅದು ಬೇಕೆಂದಾದರೆ ಹಳೆಯದರ ಮೇಲೆ ಇನ್ನೊಂದು ಪದರ ಹೊಡೆಸಬೇಡಿ, ಹಲಗೆಯವರೆಗೆ ಬಿಚ್ಚಿಸಿ. ಆಗಲೇ ಕೊಳೆತ ಹಲಗೆ ಕಣ್ಣಿಗೆ ಬೀಳುವುದು, ಆಗಲೇ ಸೂರಂಚಿಗೆ ಅಂಟುವ ನೀರುತಡೆ ಹಾಳೆ ಹಾಕಲಾಗುವುದು. ಈ ಹಾಳೆ ಹೊರಗೋಡೆಯ ಒಳಮೈಯಿಂದ ಇನ್ನೂ 60 ಸೆಂ.ಮೀ. ಒಳಕ್ಕೆ ಬರಬೇಕು. ಉದಾಹರಣೆಗೆ ಸೂರು 50, ಗೋಡೆ 15, ಒಳಗೆ 60, ಒಟ್ಟು 125 ಸೆಂ.ಮೀ. ಮಟ್ಟದಲ್ಲಿ, ಎರಡಕ್ಕೆ ಒಂದರ ಇಳಿಜಾರಿನಲ್ಲಿ ಅದು 140 ಆಗುತ್ತದೆ. ಹಾಳೆಯ ಸುರುಳಿ ಸಾಮಾನ್ಯವಾಗಿ 90 ಸೆಂ.ಮೀ. ಅಗಲ. ಒಂದು ಸಾಲು ಹಾಕಿ ಮುಗಿಸುವ ಗುತ್ತಿಗೆದಾರರು ಬೇಕಾದಷ್ಟಿದ್ದಾರೆ, ಆದ್ದರಿಂದ ಎರಡು ಸಾಲು ಎಂದು ಕರಾರಿನಲ್ಲೇ ಬರೆಸಿ. ಫ್ಲ್ಯಾಶಿಂಗ್ ಹೊಸದೇ ಎಂದೂ ಕೊಳೆತ ಹಲಗೆಗೆ ಒಂದೊಂದಕ್ಕೆ ಎಷ್ಟು ದರವೆಂದೂ ಅದೇ ಕಾಗದದಲ್ಲಿ ಇರಲಿ.