ಒಂಬತ್ತು ಚಾ, ಎರಡು ಹುಳುಕು ಹಲ್ಲು

ಲಿಂಗಸುಗೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಬಾಯಿಯ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಕರಗತೊಡಗುತ್ತದೆ ಎಂದು ಪ್ರತಿ ವರ್ಷ ಹತ್ತನೇ ತರಗತಿಗೆ ಪಾಠ ಹೇಳುವವನು. ಅಂಥ ನನ್ನವೇ ಎರಡು ದವಡೆ ಹಲ್ಲು ಹುಳುಕಾದವು. ರಾಯಚೂರಿನಲ್ಲಿ ಹಲ್ಲಿನ ಡಾಕ್ಟರು ಕೇಳಿದ್ದು ಒಂದೇ ಮಾತು: "ಸರ, ದಿನಕ್ಕ ಎಷ್ಟು ಸಲ ಚಾ ಕುಡೀತೀರಿ?" ಎಷ್ಟು ಸಕ್ಕರೆ ಅಂತಲ್ಲ, ಎಷ್ಟು ಸಲ ಅಂತ.

ಎಣಿಸಿದೆ. ಒಂಬತ್ತು. ಎಲ್ಲವೂ ಅರ್ಧ ಕಪ್ಪೇ, ಅದೇ ನನ್ನ ಸಮಾಧಾನವಾಗಿತ್ತು.

ಮಾಸ್ತರನ ಬುದ್ಧಿ ಬಿಡುತ್ತದೆಯೇ? ಲ್ಯಾಬಿನಿಂದ ಪಿಎಚ್ ಪೇಪರ್ ತಂದು, ಚಾ ಕುಡಿದು ಐದು ನಿಮಿಷಕ್ಕೆ ಜೊಲ್ಲು ಹಚ್ಚಿದೆ. ಹಸಿರೇ. ಮತ್ತೆ ಮತ್ತೆ ಹಸಿರೇ, ಅಂದರೆ ಹುಳಿಯಿಲ್ಲ. ಡಾಕ್ಟರು ಸುಮ್ಮನೆ ಹೆದರಿಸಿದರು ಅಂದುಕೊಂಡೆ. ತಪ್ಪಿದ್ದು ನಾನು. ಜೊಲ್ಲಿನಲ್ಲಿ ಬೈಕಾರ್ಬನೇಟ್ ಇದೆ, ಅದು ಆಮ್ಲವನ್ನು ತಣಿಸುತ್ತಲೇ ಇರುತ್ತದೆ. ಆಮ್ಲ ಹುಟ್ಟುವುದು ಹಲ್ಲಿಗೆ ಅಂಟಿದ ಬಿಳಿ ಲೋಳೆಯೊಳಗೆ. ಅಲ್ಲಿನ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಮಾರನೇ ದಿನ ಬೆಳಿಗ್ಗೆ ಹಲ್ಲುಜ್ಜದೆ, ಬೆಲ್ಲದ ಚೂರು ಚೀಪಿ, ಹತ್ತು ನಿಮಿಷ ಬಿಟ್ಟು ಕಡ್ಡಿಯಿಂದ ಆ ಲೋಳೆಯನ್ನೇ ಕೆರೆದು ಪೇಪರಿಗೆ ಒತ್ತಿದೆ. ಹಳದಿಗೆ ತಿರುಗಿತು, ಅಂದರೆ ಹುಳಿ! ಮಂಡಕ್ಕಿ ಸುಸಲಾ ತಿಂದ ದಿನವೂ ಹೆಚ್ಚುಕಡಿಮೆ ಅದೇ ಬಣ್ಣ. ಖಾರದ ತಿಂಡಿಗೂ ಹಲ್ಲಿಗೂ ಏನು ಜಗಳ ಅಂದುಕೊಂಡಿದ್ದೆ. ಸಂದಿಯಲ್ಲಿ ಸಿಕ್ಕ ಮಂಡಕ್ಕಿಯ ಪಿಷ್ಟ ಬಾಯಲ್ಲೇ ಸಕ್ಕರೆಯಾಗುತ್ತದಲ್ಲ.

ಹೀಗೆ ಇಳಿದ ಪಿಎಚ್ ಮೇಲೇರಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಆಮೇಲಷ್ಟೇ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಮರಳಿ ಎನಾಮಲಿಗೆ ಸೇರುವುದು. ಒಂಬತ್ತು ಚಾ ಅಂದರೆ ಕಡಿಮೆಯೆಂದರೂ ನಾಲ್ಕೂವರೆ ಗಂಟೆ ಹಲ್ಲು ಹುಳಿಯಲ್ಲಿ ನೆನೆದಂತೆ. ಒಂದೇ ಸಲಕ್ಕೆ ಎರಡು ಹೋಳಿಗೆ ತಿಂದವನು ನನಗಿಂತ ವಾಸಿ.

ಚಾ ಮೂರಕ್ಕಿಳಿಸಿದೆ, ಅದರಲ್ಲಿ ಸಕ್ಕರೆ ಹಾಕಿದ್ದು ಒಂದೇ, ಅದೂ ನಾಷ್ಟಾದ ಜೊತೆಗೆ. ಸಿಹಿ ತಿನ್ನುವುದಿದ್ದರೆ ಊಟದಲ್ಲೇ. ನಡುವೆ ಹಸಿವಾದರೆ ಹುರಿದ ಶೇಂಗಾ, ಜಗಿದಷ್ಟೂ ಜೊಲ್ಲು ಬರುತ್ತದೆ. ನಮ್ಮ ಬೇಸಿಗೆಯಲ್ಲಿ ಬಾಯಿ ಒಣಗಿ ಜೊಲ್ಲೇ ಕಡಿಮೆ, ಮೇಲೆ ಲಿಂಬೆ ಶರಬತ್ತನ್ನು ಗಂಟೆಗಟ್ಟಲೆ ಗುಟುಕರಿಸುತ್ತಿದ್ದೆ. ಈಗ ಒಮ್ಮೆಗೇ ಕುಡಿದು ನೀರು ಮುಕ್ಕಳಿಸುತ್ತೇನೆ, ಕೂಡಲೇ ಬ್ರಷ್ ಹಿಡಿಯುವುದಿಲ್ಲ. ಹುಳಿಗೆ ಮೆತ್ತಗಾದ ಎನಾಮಲನ್ನು ಉಜ್ಜಿದರೆ ಸವೆಯುತ್ತದೆ. ರಾತ್ರಿ ಸಕ್ಕರೆ ಹಾಕಿದ ಹಾಲು ಕುಡಿದು ಹಾಗೇ ಮಲಗುವ ಚಾಳಿ ಬಿಡಲು ಮಾತ್ರ ಎರಡು ತಿಂಗಳು ಬೇಕಾಯಿತು. ನಿದ್ದೆಯಲ್ಲಿ ಜೊಲ್ಲು ಬಹಳ ಕಡಿಮೆಯಾಗುತ್ತದೆ, ಹಾಗಾಗಿ ಅದೇ ಎಲ್ಲಕ್ಕಿಂತ ಕೆಟ್ಟದ್ದಾಗಿತ್ತು.

ಸ್ಟಾಫ್ ರೂಮಿನಲ್ಲಿ ನಾಲ್ಕು ಗಂಟೆಗೆ ನನ್ನ ಸಪ್ಪೆ ಚಾ ಬೇರೆ ಕಪ್ಪಿನಲ್ಲಿ ಬರುತ್ತದೆ. ಮೊನ್ನೆ ಗಣಿತದ ಮಾಸ್ತರು ತಪ್ಪಿ ಅದನ್ನೇ ಗುಟುಕರಿಸಿ, "ಇದೇನ್ರಿ, ಕಷಾಯ!" ಅಂದರು.