ನಿಂಗ್ಬೋದಿಂದ ಪೀಣ್ಯಕ್ಕೆ: ಬಿಡಿಭಾಗದ ಅಸಲು ಲೆಕ್ಕ

ಚೀನಾದಲ್ಲಿ ಮಾಡಿಸಿದ ಮಾಲು ಅಗ್ಗವೋ ಅಲ್ಲವೋ ಎಂಬುದು ಕೊಟೇಶನ್ ನೋಡಿದರೆ ತಿಳಿಯುವುದಿಲ್ಲ. ಪೀಣ್ಯದ ನಮ್ಮ ಘಟಕಕ್ಕೆ ಗೇರ್ ಮೋಟಾರ್, ಪ್ಲಾಸ್ಟಿಕ್ ಕವಚಗಳನ್ನು ಚೀನಾದ ನಿಂಗ್ಬೋ ಬಂದರಿನಿಂದ ಚೆನ್ನೈ ಬಂದರಿನ ಮೂಲಕ ತರಿಸುವಾಗ, ಗೋಡೌನಿನಲ್ಲಿ ಇಳಿಸಿದ ಮೇಲೆ ಒಂದು ಪೀಸಿಗೆ ಎಷ್ಟು ಬಿತ್ತು ಎಂಬುದನ್ನೇ ನಾನು ಬೆಲೆ ಅನ್ನುವುದು.

ಎಫ್‌ಒಬಿ ದರ, ಅಂದರೆ ಅಲ್ಲಿನ ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ಬೆಲೆ, 100 ರೂಪಾಯಿ, ಹಡಗು ಬಾಡಿಗೆ ಮತ್ತು ವಿಮೆ 8 ರೂಪಾಯಿ ಅಂತಿಟ್ಟುಕೊಳ್ಳಿ. ಸುಂಕ ಬೀಳುವುದು 108ರ ಮೇಲೆ. ಮೂಲ ಸುಂಕ 10% ಆದರೆ 10.80, ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್ಚಾರ್ಜ್ 1.08; ಅಲ್ಲಿಗೆ 119.88. ಇದರ ಮೇಲೆ 18% ಐಜಿಎಸ್‌ಟಿ (ಆಮದಿಗೆ ಬೀಳುವ ಜಿಎಸ್‌ಟಿ) 21.58. ಐಜಿಎಸ್‌ಟಿ ಆಮೇಲೆ ಇನ್‌ಪುಟ್ ಕ್ರೆಡಿಟ್ ಆಗಿ ಸಿಗುತ್ತದೆ, ಅಂದರೆ ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ವಜಾ ಆಗುತ್ತದೆ, ನಿಜ. ಆದರೆ ಮಾಲು ಬಿಡಿಸುವ ಹೊತ್ತಿಗೆ ಅಷ್ಟೂ ನಗದು ಕೈಯಲ್ಲಿರಬೇಕು. ಸಿಎಚ್‌ಎ (ಕಸ್ಟಮ್ಸ್ ಏಜೆಂಟ್) ಫೀಸು, ಲಾರಿ ಬಾಡಿಗೆ, ಇಳಿಸುವ ಕೂಲಿ ಬೇರೆ. ಬಿಡಿಭಾಗ ಎರಕ ಹೊಯ್ಯುವ ಅಚ್ಚಿಗೆ (ಮೋಲ್ಡ್) ನೀವು ಪ್ರತ್ಯೇಕವಾಗಿ ದುಡ್ಡು ಕೊಟ್ಟಿದ್ದರೆ ಆ ಮೊತ್ತವನ್ನೂ ಮಾಲಿನ ಮೌಲ್ಯಕ್ಕೆ ಹಂಚಿ ಸೇರಿಸಬೇಕೆಂದು ಕಸ್ಟಮ್ಸ್ ಮೌಲ್ಯಮಾಪನ ನಿಯಮ ಹೇಳುತ್ತದೆ. ಹೊಸಬರು ಬಹಳಷ್ಟು ಮಂದಿ ಇದನ್ನು ಬಿಟ್ಟುಬಿಡುತ್ತಾರೆ. ಮುಂದೆ ಆಡಿಟ್‌ನಲ್ಲಿ ಸಿಕ್ಕಿದರೆ ಬಡ್ಡಿ ಸಮೇತ ಕಟ್ಟಬೇಕಾಗುತ್ತದೆ.

ಪೂರ್ತಿ ಕಂಟೇನರ್ ತುಂಬದಷ್ಟು ಕಡಿಮೆ ಮಾಲಿದ್ದರೆ, ಅಂದರೆ ಎಲ್‌ಸಿಎಲ್‌ನಲ್ಲಿ, ಸಿಐಎಫ್ ದರಕ್ಕೆ, ಅಂದರೆ ಹಡಗು ಬಾಡಿಗೆ, ವಿಮೆ ಎರಡನ್ನೂ ಮಾರುವವನೇ ಸೇರಿಸಿ ಹೇಳುವ ದರಕ್ಕೆ, ನಾನು ಒಪ್ಪುವುದಿಲ್ಲ. ಅಲ್ಲಿ ಹಡಗು ಬಾಡಿಗೆ ಸೊನ್ನೆಗೆ ಹತ್ತಿರ ಅಂತ ತೋರಿಸಿ, ಇಲ್ಲಿ ಡೆಲಿವರಿ ಆರ್ಡರ್ (ಮಾಲು ಬಿಟ್ಟುಕೊಡುವ ಪತ್ರ), ಡಿ-ಸ್ಟಫಿಂಗ್ (ಕಂಟೇನರಿನಿಂದ ಮಾಲು ಇಳಿಸುವುದು), ಹ್ಯಾಂಡ್ಲಿಂಗ್ ಹೆಸರಿನಲ್ಲಿ ವಸೂಲಿ ಮಾಡುವುದುಂಟು. ಮಾಲು ಅವರ ಕೈಯಲ್ಲಿರುವಾಗ ಚೌಕಾಸಿಗೆ ಎಡೆಯೇ ಇಲ್ಲ. ಎಫ್‌ಒಬಿಗೆ ಕೊಂಡು, ಸಾಗಣೆ ಏಜೆಂಟನಾದ ಫಾರ್ವರ್ಡರ್‌ನನ್ನು ನಾವೇ ಗೊತ್ತುಮಾಡಿ, ಎರಡೂ ಕಡೆಯ ಖರ್ಚನ್ನು ಮೊದಲೇ ಬರಹದಲ್ಲಿ ತರಿಸಿಕೊಳ್ಳುತ್ತೇವೆ.

20 ಅಡಿ ಕಂಟೇನರಿನ ಒಳಅಳತೆ ಸುಮಾರು 33 ಘನಮೀಟರ್. ರಟ್ಟಿನ ಪೆಟ್ಟಿಗೆ ಜೋಡಿಸಿದರೆ ಹಿಡಿಸುವುದು 26ರಿಂದ 28. ಮೋಟಾರಿನಂಥ ಗಟ್ಟಿ ಸಾಮಾನಿಗೆ ಇದು ಚೆನ್ನಾಗಿ ಗಿಟ್ಟುತ್ತದೆ. ಟೊಳ್ಳು ಕವಚ ತುಂಬಿದರೆ ಗಾಳಿಗೆ ಬಾಡಿಗೆ ಕೊಟ್ಟಂತೆ. ಕವಚವನ್ನು ಎರಡು ಹೋಳಾಗಿ ವಿನ್ಯಾಸ ಮಾಡಿ, ಒಂದರೊಳಗೊಂದು ಕೂರುವಂತೆ ಪ್ಯಾಕ್ ಮಾಡಿಸಿದರೆ ಲೆಕ್ಕವೇ ಬದಲಾಗುತ್ತದೆ. ಹಾಗೆ ಕೂರದ ದೊಡ್ಡ ಕವಚಗಳನ್ನು ಪೀಣ್ಯದಲ್ಲೇ ಮೋಲ್ಡ್ ಮಾಡಿಸುವುದು ಸರಿ.

ಮಾಲು ಹೊರಡುವ ಮುಂಚೆ ಬಿಲ್ ಆಫ್ ಲೇಡಿಂಗ್‌ನ (ಬಿಎಲ್, ಹಡಗಿನವರು ಕೊಡುವ ಸಾಗಣೆ ರಸೀದಿ) ಕರಡನ್ನು ಅಕ್ಷರ ಅಕ್ಷರ ಓದಬೇಕು. ಕಂಪನಿಯ ಹೆಸರು, ಐಇಸಿ (ಆಮದು-ರಫ್ತು ಪರವಾನಗಿ) ಸಂಖ್ಯೆ, ಪೆಟ್ಟಿಗೆಗಳ ಎಣಿಕೆ, ಒಟ್ಟು ತೂಕ ಇವು ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟಿಗೆ ತಾಳೆಯಾಗಬೇಕು. ಹಡಗಿನವರು ಐಜಿಎಂ, ಅಂದರೆ ಹಡಗಿನಲ್ಲಿರುವ ಮಾಲಿನ ಪಟ್ಟಿಯನ್ನು, ಕಸ್ಟಮ್ಸ್‌ಗೆ ಸಲ್ಲಿಸಿದ ಮೇಲೆ ತಿದ್ದುಪಡಿಗೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ. ಮರದ ಪ್ಯಾಲೆಟ್ ಇದ್ದರೆ ಐಎಸ್‌ಪಿಎಂ-15 ಮುದ್ರೆಯ (ಮರಕ್ಕೆ ಕೀಟನಾಶಕ ಉಪಚಾರ ಆಗಿದೆ ಎಂಬ ಗುರುತು) ಫೋಟೋ ತರಿಸಿ. ಬಿಲ್ ಆಫ್ ಎಂಟ್ರಿಯನ್ನು, ಅಂದರೆ ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆಯನ್ನು, ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000 ರೂಪಾಯಿ, ಆಮೇಲೆ ದಿನಕ್ಕೆ 10,000.

ಸಮಯವೂ ಖರ್ಚೇ. ವಾಡಿಕೆಯಂತೆ 30% ಮುಂಗಡ, 70% ಬಿಎಲ್ ಪ್ರತಿ ಬಂದಾಗ. ತಯಾರಿಕೆಗೆ ಒಂದು ತಿಂಗಳು, ಸಮುದ್ರದಲ್ಲಿ ಸುಮಾರು ಮೂರು ವಾರ, ಕ್ಲಿಯರೆನ್ಸ್‌ಗೂ ಲಾರಿಗೂ ಒಂದು ವಾರ. ಅಲ್ಲಿವರೆಗೆ ಮೊದಲು ಮುಂಗಡ, ಆಮೇಲೆ ಪೂರ್ತಿ ಹಣ ಸಿಕ್ಕಿಕೊಂಡಿರುತ್ತದೆ. ಇದರ ಬಡ್ಡಿಯನ್ನು ಪೀಸಿನ ಬೆಲೆಗೆ ಸೇರಿಸಿ. ಚೀನೀ ಹೊಸವರ್ಷದ ಆಸುಪಾಸಿನಲ್ಲಿ ಕಾರ್ಖಾನೆ ಮೂರು ನಾಲ್ಕು ವಾರ ಸರಿಯಾಗಿ ನಡೆಯುವುದಿಲ್ಲ. ರಜೆ ಮುಗಿದ ಮೇಲೆ ಹಳೆಯ ಕೆಲಸಗಾರರೆಲ್ಲ ವಾಪಸ್ ಬರುವುದೂ ಇಲ್ಲ, ಹಾಗಾಗಿ ಮೊದಲ ಬ್ಯಾಚಿನಲ್ಲಿ ದೋಷ ಹೆಚ್ಚು. ಆ ಬ್ಯಾಚಿಗೆ ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5 ಬದಲು ಇನ್ನೂ ಬಿಗಿಯಾದ 1.0 ಮಟ್ಟದ ತಪಾಸಣೆ ಮಾಡಿಸಿ, ವರದಿ ಕೈಸೇರುವವರೆಗೆ 70% ಕಳಿಸಬೇಡಿ. ಕೆಟ್ಟ ಮಾಲು ಚೆನ್ನೈ ತಲುಪಿದ ಮೇಲೆ ವಾಪಸ್ ಕಳಿಸುವುದು ಸಾಮಾನ್ಯವಾಗಿ ಗಿಟ್ಟುವುದಿಲ್ಲ.